ರೂಮು ಉಡುಪಿಯಲ್ಲೋ, ಮಂಗಳೂರಲ್ಲೋ? ಎರಡೂ ಕಡೆ ಉಳಿದು ನೋಡಿದ ಮೇಲೆ

ಕರಾವಳಿ ನೋಡಲು ಹೊರಟವರೆಲ್ಲ ಕೇಳುವ ಮೊದಲ ಪ್ರಶ್ನೆ ಇದೇ. ನಾವು ದಾವಣಗೆರೆ ಕಡೆಯವರು. ಮಂಗಳೂರಿನಲ್ಲಿ ಉಳಿದು ಉಡುಪಿಗೆ ಓಡಾಡಿದ್ದೂ ಇದೆ, ಉಡುಪಿಯಲ್ಲಿ ಉಳಿದು ಮಂಗಳೂರಿಗೆ ಓಡಾಡಿದ್ದೂ ಇದೆ. ಒಮ್ಮೆ ಅಪ್ಪ ಅಮ್ಮನ ಜೊತೆ, ಇನ್ನೊಮ್ಮೆ ಗೆಳೆಯರ ಜೊತೆ.

ಎರಡು ಊರಿಗೆ ಮಧ್ಯೆ ಇರುವುದು 55ರಿಂದ 60 ಕಿ.ಮೀ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು ಮೇಲೆ ಎಕ್ಸ್‌ಪ್ರೆಸ್ ಬಸ್ಸುಗಳು ಒಂದರ ಹಿಂದೊಂದು ಹೊರಡುತ್ತವೆ. ಒಂದೂವರೆ ಗಂಟೆಯ ದಾರಿ. ಅಂದರೆ ಹಗಲಲ್ಲಿ ನೋಡುವ ಜಾಗಗಳಿಗೆ ಎಲ್ಲಿ ಉಳಿದರೂ ಹೋಗಬಹುದು. 1432ರಲ್ಲಿ ನಿಲ್ಲಿಸಿದ 42 ಅಡಿಯ ಕಾರ್ಕಳದ ಗೊಮ್ಮಟ, 1430ರ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಇವೂ ಎರಡೂ ಊರಿಂದ ಅರ್ಧ ದಿನದ ಓಡಾಟ. ರೂಮು ಎಲ್ಲಿ ಎನ್ನುವುದರಿಂದ ಬದಲಾಗುವುದು ಬೆಳಗಿನ ಜಾವ ಮತ್ತು ರಾತ್ರಿ ಮಾತ್ರ. ನಾನು ಎರಡು ಊರನ್ನು ತೂಗಿ ನೋಡುವುದು ಆ ಎರಡು ಹೊತ್ತಿನಲ್ಲೇ.

ಬೆಳಗಿನ ಜಾವ ಉಡುಪಿಯದು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ರಥಬೀದಿಯ ಹತ್ತಿರ ರೂಮು ಮಾಡಿದರೆ ಐದು ಗಂಟೆಗೆ ಎದ್ದು ನಡೆದೇ ಕೃಷ್ಣಮಠಕ್ಕೆ ಹೋಗಬಹುದು. ಹಗಲಿನ ನೂಕುನುಗ್ಗಲು ಆಗ ಇರುವುದಿಲ್ಲ. ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು. ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯಲ್ಲಿ ಕೃಷ್ಣನನ್ನು ನೋಡಿ, ಮಧ್ವ ಸರೋವರದ ಮೆಟ್ಟಿಲ ಬಳಿ ಸ್ವಲ್ಪ ಹೊತ್ತು ನಿಂತು, ಹೊರಗೆ ಬಂದು ಕನಕನ ಕಿಂಡಿಯ ಮುಂದೆ ಇನ್ನೊಮ್ಮೆ ಕೈ ಮುಗಿದರು ನಮ್ಮಮ್ಮ. ಆಮೇಲೆ ಅನಂತೇಶ್ವರ, ಚಂದ್ರಮೌಳೀಶ್ವರ ದೇವಸ್ಥಾನ, ಬೀದಿಯ ಸುತ್ತ ಇರುವ ಅಷ್ಟಮಠಗಳು. ಎಲ್ಲವೂ ಕಾಲ್ನಡಿಗೆಯಲ್ಲೇ. ಮಂಡಿನೋವಿನ ಅಪ್ಪನಿಗೂ ಆಟೋ ಬೇಕಾಗಲಿಲ್ಲ. ಮಂಗಳೂರಿಂದ ಬಸ್ಸು ಹತ್ತಿ ಬಂದಾಗ ನಮಗೆ ಈ ಹೊತ್ತು ಸಿಕ್ಕಿರಲಿಲ್ಲ. ಹತ್ತು ಗಂಟೆಗೆ ಬಂದು ಸಾಲಿನಲ್ಲಿ ನಿಂತಿದ್ದೆವು.

ತಿಂಡಿಗೆ ಅಲ್ಲೇ ಮಿತ್ರ ಸಮಾಜ. ಬನ್ಸ್, ಗೋಳಿಬಜೆ, ಇಡ್ಲಿ. ಗೋಳಿಬಜೆ ಬಿಸಿ ಇರುವಾಗಲೇ ತಿನ್ನಬೇಕು. ಮಧ್ಯಾಹ್ನ ಮಠದ ಊಟಕ್ಕೆ ಕೂತುಕೊಳ್ಳಿ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಸಾರು ಇಷ್ಟು ರುಚಿ ಆಗುತ್ತದಾ ಅನ್ನಿಸುತ್ತದೆ. ಚಳಿಗಾಲದಲ್ಲಿ ಹೋದರೆ ಮಟ್ಟುಗುಳ್ಳ ಕೇಳಿ ತಿನ್ನಿ. ಉಡುಪಿ ಹತ್ತಿರದ ಮಟ್ಟು ಊರಿನ ತಿಳಿಹಸಿರು ಬದನೆ ಅದು. ಬೀಜವನ್ನು ಯತಿ ವಾದಿರಾಜರು ಕೊಟ್ಟರು ಎಂದು ಊರವರು ಹೇಳುತ್ತಾರೆ. 2011ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ತೆಂಗಿನಕಾಯಿ ಹಾಕದ ಬೋಳು ಹುಳಿ ಮಾಡಿದರೆ ಆ ಬದನೆಯ ರುಚಿ ಚೆನ್ನಾಗಿ ಗೊತ್ತಾಗುತ್ತದೆ. ನಮ್ಮ ಕಡೆ ಎಣ್ಣೆಗಾಯಿಗೆ ಹಾಕುವ ಬದನೆಗೂ ಇದಕ್ಕೂ ಸಂಬಂಧವೇ ಇಲ್ಲ.

ಆದರೆ ರಾತ್ರಿ? ರಾತ್ರಿ ಮಂಗಳೂರಿನದು. ಉಡುಪಿಯಲ್ಲಿ ಮಳೆಗಾಲ ಬಿಟ್ಟರೆ ಹೆಚ್ಚಿನ ಸಂಜೆ ರಥ ಎಳೆಯುತ್ತಾರೆ, ಅದು ಚಂದವೇ. ಅದು ಮುಗಿದ ಮೇಲೆ ರಥಬೀದಿ ಬೇಗ ಮಲಗುತ್ತದೆ. ಮಂಗಳೂರಿನಲ್ಲಿ ಊಟ ಶುರುವಾಗುವುದೇ ಆಗ. ಮೀನು ತಿನ್ನುವವರಾದರೆ ಬೇರೆ ಯೋಚನೆ ಬೇಡ. ಕಾಣೆ ರವಾ ಫ್ರೈ, ಬಂಗುಡೆ ಪುಳಿಮುಂಚಿ, ಮರ್ವಾಯಿ (ಚಿಪ್ಪುಮೀನು) ಸುಕ್ಕ, ಜೊತೆಗೆ ನೀರ್‌ದೋಸೆ ಇಲ್ಲವೇ ಕುಚ್ಚಲಕ್ಕಿ ಅನ್ನ. ಹೋಟೆಲಿನವರೇ ಬಂದು "ಇವತ್ತು ಕಾಣೆ ಒಳ್ಳೆದುಂಟು ಮಾರಾಯ್ರೆ, ಅಂಜಲ್ ಬೇಡ" ಎಂದು ಹೇಳಿದ್ದಾರೆ. ಅವರ ಮಾತು ಕೇಳಿ, ಮೆನು ನೋಡಬೇಡಿ. ಕೋರಿ ರೊಟ್ಟಿಯ ಮೇಲೆ ಬಿಸಿ ಕೋಳಿ ಸಾರು ಸುರಿದ ಕೂಡಲೇ ಕೈ ಹಾಕಬೇಡಿ. ರೊಟ್ಟಿ ಅರ್ಧ ನೆನೆದು ಅರ್ಧ ಗರಿಗರಿ ಇರುವ ಒಂದು ಗಳಿಗೆ ಇದೆ, ಅಲ್ಲಿಯವರೆಗೆ ಕಾಯಿರಿ. ಕ್ರೈಸ್ತರ ಅಡುಗೆಯ, ಇಡ್ಲಿಯಂಥ ಸನ್ನ ಮತ್ತು ಹಂದಿ ಮಾಂಸದ ಬಫಾತ್ ಹುಡುಕಿ ತಿನ್ನಬೇಕಾದದ್ದು. ಕೊನೆಗೆ ಪಬ್ಬಾಸ್‌ನಲ್ಲಿ ಗಡ್‌ಬಡ್ ಐಸ್‌ಕ್ರೀಮ್. ಗಡ್‌ಬಡ್ ಹುಟ್ಟಿದ್ದು ನಮ್ಮಲ್ಲಿ ಎಂದು ಉಡುಪಿಯವರೂ ಹೇಳುತ್ತಾರೆ. ನನಗೆ ಮಂಗಳೂರಿನದೇ ಜಾಸ್ತಿ ಇಷ್ಟ.

ಮೀನಿಗೆಂದೇ ಹೋಗುವವರು ಒಂದು ವಿಷಯ ಗಮನಿಸಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ತಾಜಾ ಮೀನು ಕಡಿಮೆ, ರೇಟು ಜಾಸ್ತಿ.

ಕಡಲಿನ ವಿಷಯದಲ್ಲಿ ಉಡುಪಿ ಮುಂದೆ. ಮಂಗಳೂರಿನ ಪಣಂಬೂರಿನಲ್ಲಿ ಜನ ಜಾಸ್ತಿ. ತಣ್ಣೀರುಬಾವಿ ಅದಕ್ಕಿಂತ ವಾಸಿ. ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ನದಿ ದಾಟಿ ಹೋಗಿದ್ದು ನನಗೆ ಬೀಚಿಗಿಂತ ಹೆಚ್ಚು ಖುಷಿ ಕೊಟ್ಟಿತು. ಆದರೂ ಮಲ್ಪೆಯ ಆಚೆ ಇರುವ ಸೇಂಟ್ ಮೇರೀಸ್ ದ್ವೀಪಕ್ಕೆ ಸಾಟಿ ಮಂಗಳೂರಿನಲ್ಲಿಲ್ಲ. ಕೆತ್ತಿ ನಿಲ್ಲಿಸಿದ ಹಾಗೆ ಕಾಣುವ ಕಲ್ಲಿನ ಕಂಬಗಳು, ಬಹುಪಾಲು ಆರು ಮುಖದವು. ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷ ಹಿಂದೆ, ಉಕ್ಕಿ ಬಂದ ಲಾವಾ ತಣ್ಣಗಾಗುತ್ತಾ ಬಿರಿದು ಆದ ಆಕಾರ ಅದು. ಇದನ್ನು ತಿಳಿದು ಹೋದರೆ ಬರೀ ಫೋಟೋ ತೆಗೆದು ಬರಲು ಮನಸ್ಸಾಗುವುದಿಲ್ಲ. ಬೆಳಿಗ್ಗೆಯ ಬೋಟಿಗೇ ಹೋಗಿ, ಮಧ್ಯಾಹ್ನ ನೆರಳು ಕಡಿಮೆ. ಮಳೆಗಾಲದಲ್ಲಿ ಬೋಟು ಇರುವುದಿಲ್ಲ. ಸಂಜೆಗೆ ಕಾಪು. 1901ರ ದೀಪಸ್ತಂಭ ಹತ್ತಿದರೆ ಎರಡೂ ಕಡೆ ಕಣ್ಣು ಹಾಯುವಷ್ಟೂ ಕಡಲತೀರ.

ಹಳೆಯದನ್ನು ಹುಡುಕುವವರಿಗೆ ಎರಡೂ ಊರು ಬೇರೆ ಬೇರೆ ರೀತಿಯಲ್ಲಿ ದೊಡ್ಡವು. ಉಡುಪಿಯಲ್ಲಿ ಎಲ್ಲವೂ ಒಂದು ಬೀದಿಯ ಸುತ್ತ. ಮಂಗಳೂರಿನದು ಊರೆಲ್ಲ ಹರಡಿದೆ, ಆಟೋ ಹತ್ತಿ ಇಳಿದು ಹುಡುಕಬೇಕು. ಆದರೆ ಎಷ್ಟು ಜನರ ಕೈ ಅಲ್ಲಿದೆ ನೋಡಿ. ಕದ್ರಿ ದೇವಸ್ಥಾನದ ಕಂಚಿನ ಲೋಕೇಶ್ವರ ವಿಗ್ರಹ ಕ್ರಿ.ಶ. 968ರದು, ತುಳುನಾಡನ್ನು ಆಳಿದ ಆಳುಪ ಅರಸರ ಕಾಲದ್ದು. ಬಾವುಟಗುಡ್ಡೆಯಲ್ಲಿ 1837ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಎದ್ದ ರೈತರು ಬಾವುಟ ಹಾರಿಸಿದರು. ಅದೇ ಗುಡ್ಡದಲ್ಲಿ ಸಂತ ಅಲೋಶಿಯಸ್ ಚಾಪೆಲ್. ಅದರ ಗೋಡೆ, ಮಾಡುಗಳ ತುಂಬ ಇಟಲಿಯಿಂದ ಬಂದ ಆಂಟೋನಿಯೋ ಮೊಶೇನಿ ಬರೆದ ಚಿತ್ರಗಳು. ಕತ್ತು ನೋಯುವವರೆಗೆ ಮೇಲೆ ನೋಡುತ್ತಾ ಕೂತಿದ್ದೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟಿದ್ದೂ ಈ ಊರಿಂದಲೇ. ನಮ್ಮ ಅಜ್ಜನ ಮನೆಗೆ ಹೊದಿಸಿದ್ದ ಮಂಗಳೂರು ಹಂಚು ಕೂಡ ಇಲ್ಲಿಯದೇ. ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಇಲ್ಲಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದರು. ಉಡುಪಿ ಕಡೆಯಿಂದ ಇದಕ್ಕೆಲ್ಲ ಸಮ ನಿಲ್ಲುವುದು ಮಣಿಪಾಲದ ಹಸ್ತಶಿಲ್ಪ ಒಂದೇ. ವಿಜಯನಾಥ ಶೆಣೈ ಅವರು ಬೇರೆ ಬೇರೆ ಊರುಗಳಲ್ಲಿ ಕೆಡವಲು ಹೊರಟಿದ್ದ ಹಳೆ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಜಾಗ. ಅದಕ್ಕೆ ಅವಸರ ಮಾಡಬೇಡಿ, ಅರ್ಧ ದಿನ ಇಡಿ.

ಹಾಗಾದರೆ ರೂಮು ಎಲ್ಲಿ? ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಉಡುಪಿ, ರಥಬೀದಿಯಿಂದ ನಡೆದು ಹೋಗುವಷ್ಟು ದೂರದಲ್ಲಿ. ಮೀನು ತಿನ್ನುವ ಗೆಳೆಯರ ಗುಂಪಾದರೆ ಮಂಗಳೂರು, ಹಂಪನಕಟ್ಟೆಯ ಸುತ್ತಮುತ್ತ. ನನ್ನೊಬ್ಬನಿಗೆ ಕೇಳಿದರೆ ಉಡುಪಿಯೇ. ಮಂಗಳೂರಿನ ರಾತ್ರಿ ಊಟವನ್ನು ಸಂಜೆ ಏಳಕ್ಕೇ ಮುಗಿಸಿ ಬಸ್ಸು ಹಿಡಿಯಬಹುದು. ಉಡುಪಿಯ ಬೆಳಗಿನ ಐದು ಗಂಟೆಗೆ ಮಂಗಳೂರಿಂದ ಬಂದು ಸೇರುವುದು ಕಷ್ಟ.

ಹುಲಿವೇಷ ನೋಡುವ ಆಸೆ ಇದ್ದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ. ಮಂಗಳೂರಿನಲ್ಲಿ ಹುಲಿಗಳನ್ನು ಕುಣಿಸುವ ತಾಸೆ ವಾದ್ಯದ ಸದ್ದು ಜೋರಾಗುವುದು ದಸರಾಕ್ಕೆ, ಉಡುಪಿಯಲ್ಲಿ ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಗೆ. ಎರಡಕ್ಕೂ ರೂಮು ಮೊದಲೇ ಮಾಡಿಸಿ. ಅಷ್ಟಮಿಗೆ ಹೋಗುವವರು ಸರ್ಕಾರಿ ರಜೆ ನೋಡಿ ಟಿಕೆಟ್ ಮಾಡಿಸಬೇಡಿ. ಉಡುಪಿ ಮಠದಲ್ಲಿ ಅಷ್ಟಮಿ ಸೌರಮಾನದ ಪ್ರಕಾರ. ಕೆಲವು ವರ್ಷ ಒಂದು ತಿಂಗಳಷ್ಟು ವ್ಯತ್ಯಾಸ ಬರುತ್ತದೆ. ಆ ವರ್ಷದ ದಿನ ಯಾವುದೆಂದು ಮಠದಲ್ಲೇ ಕೇಳಿಕೊಳ್ಳಿ.