ಕ್ಯಾಲಂಥಾ: ಎಳೆಯ ಮರಿಹುಳುವಿಗೆ ಸರಿ, ಬಲಿತ ದುಂಬಿಗೆ ಸಾಲದು

ಆಲೂಗಡ್ಡೆಯನ್ನು ಕಾಡುವ ಕೊಲೊರಾಡೊ ದುಂಬಿಗೆಂದೇ ಗ್ರೀನ್‌ಲೈಟ್ ಬಯೋಸೈನ್ಸಸ್ ತಯಾರಿಸಿದ ಔಷಧ ಇದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಇದನ್ನು ನೋಂದಾಯಿಸಿತು. ಎಲೆಗೆ ಸಿಂಪಡಿಸುವ ಎರಡೆಳೆ ಆರ್‌ಎನ್‌ಎ ಕೀಟನಾಶಕಗಳಲ್ಲಿ ಇದೇ ಮೊದಲನೆಯದು.

ಸಕ್ರಿಯಾಂಶದ ಹೆಸರು ಲೆಡ್‌ಪ್ರೋನಾ. ಎಲೆಯ ಜೊತೆ ಹುಳುವಿನ ಕರುಳು ಸೇರಿದ ಈ ಆರ್‌ಎನ್‌ಎಯನ್ನು ಡೈಸರ್ ಎಂಬ ಕಿಣ್ವ ಸಣ್ಣ ತುಣುಕುಗಳಾಗಿ ಕತ್ತರಿಸುತ್ತದೆ. ಆ ತುಣುಕುಗಳು ಪ್ರೋಟಿಯಾಸೋಮ್‌ನ ಬೀಟಾ-5 ಘಟಕವನ್ನು ತಯಾರಿಸುವ ಸೂಚನೆ ಹೊತ್ತ ಸಂದೇಶವಾಹಕ ಆರ್‌ಎನ್‌ಎಯನ್ನು ಗುರುತಿಸಿ ನಾಶವಾಗುವಂತೆ ಮಾಡುತ್ತವೆ. ಪ್ರೋಟಿಯಾಸೋಮ್ ಎಂದರೆ ಕೋಶದ ಕಸ ವಿಲೇವಾರಿ ಘಟಕ. ಅದು ನಿಂತರೆ ಕೆಟ್ಟ ಪ್ರೋಟೀನುಗಳು ತುಂಬಿಕೊಂಡು ಹುಳು ಸಾಯುತ್ತದೆ. ಹೆಕ್ಟೇರಿಗೆ ಸುಮಾರು 10 ಗ್ರಾಂ ಸಕ್ರಿಯಾಂಶದಲ್ಲೇ ಇಷ್ಟೆಲ್ಲ ನಡೆಯುವುದು ನಿಜಕ್ಕೂ ದೊಡ್ಡ ಸಾಧನೆ.

ಆದರೆ ಇದು ಮೈಗೆ ತಗುಲಿದರೆ ಕೊಲ್ಲುವ ಔಷಧವಲ್ಲ, ಹುಳು ತಿನ್ನಲೇಬೇಕು. ಸಾವಿಗೆ ಹಲವು ದಿನ ಹಿಡಿಯುತ್ತದೆ. ಮರುದಿನವೇ ಸತ್ತ ಹುಳುಗಳನ್ನು ಎಣಿಸಿ ‘ಕೆಲಸ ಮಾಡಲಿಲ್ಲ’ ಎಂದು ತೀರ್ಮಾನಿಸಬೇಡಿ. ಹೊಸದಾಗಿ ಎಲೆ ಹರಿದಿದೆಯೇ ಎಂದು ನೋಡಿ, ಮೊದಲು ನಿಲ್ಲುವುದು ತಿನ್ನುವಿಕೆ. ಮೊಟ್ಟೆಯ ಗುಂಪುಗಳು ಒಡೆಯತೊಡಗಿದಾಗ, ಮರಿಗಳು ಒಂದನೇ, ಎರಡನೇ ಹಂತದಲ್ಲಿರುವಾಗಲೇ ಸಿಂಪಡಿಸಬೇಕು. ಎಲ್ಲಕ್ಕಿಂತ ಹೆಚ್ಚು ಎಲೆ ಮುಕ್ಕುವುದು ನಾಲ್ಕನೇ ಹಂತದ ಹುಳು. ಅದು ಕಾಣಿಸಿದ ಮೇಲೆ ಸಿಂಪಡಿಸಿದರೆ ತಡವಾಯಿತು. ಬಲಿತ ದುಂಬಿಗಳು ಇದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ.

ಔಷಧ ಗಿಡದೊಳಗೆ ಹರಡಿ ಹೊಸ ಚಿಗುರನ್ನು ಕಾಯುತ್ತದೆ ಎಂದು ನಂಬಿಕೊಳ್ಳಬೇಡಿ. ಪೊದೆಯ ಒಳಗಿನ ಎಲೆಗಳಿಗೂ ದ್ರಾವಣ ತಲುಪಬೇಕು. ಕ್ಷಾರೀಯ ನೀರು ಆರ್‌ಎನ್‌ಎಯನ್ನು ಒಡೆಯುತ್ತದೆ, ಹಾಗಾಗಿ ಟ್ಯಾಂಕಿನ ನೀರಿನ ಪಿಎಚ್ ಮೊದಲೇ ಪರೀಕ್ಷಿಸಿ. ಬೆರೆಸಿದ್ದನ್ನು ರಾತ್ರಿಯಿಡೀ ಉಳಿಸಬೇಡಿ.

ಗುರಿ ಈ ದುಂಬಿಯ ಒಂದು ಜೀನಿನ ಅಕ್ಷರಕ್ರಮವಾದ್ದರಿಂದ ದುಂಬಿಯ ಮೊಟ್ಟೆ ತಿನ್ನುವ ಗುಲಗಂಜಿ ಹುಳುಗಳು ಹೊಲದಲ್ಲಿ ಉಳಿಯುತ್ತವೆ. ಅಗಲ ವ್ಯಾಪ್ತಿಯ ಕೀಟನಾಶಕಗಳಿಂದ ಈ ಲಾಭ ಸಿಗದು.

ಅಳುಕಿರುವುದು ನಿರೋಧಕತೆಯ ವಿಷಯದಲ್ಲಿ. ಈ ದುಂಬಿಯನ್ನೇ ಪ್ರಯೋಗಾಲಯದಲ್ಲಿ ಎರಡೆಳೆ ಆರ್‌ಎನ್‌ಎಗೆ ಮತ್ತೆ ಮತ್ತೆ ಒಡ್ಡಿದಾಗ ಕೆಲವೇ ಸುತ್ತುಗಳಲ್ಲಿ ಪ್ರಬಲ ನಿರೋಧಕತೆ ಬಂದಿತ್ತು. ಹೀಗೆಯೇ ನಿರೋಧಕತೆ ಪಡೆದ ಮೆಕ್ಕೆಜೋಳದ ಬೇರುಹುಳುವಿನಲ್ಲಿ ಕರುಳು ಆರ್‌ಎನ್‌ಎಯನ್ನು ಹೀರಿಕೊಳ್ಳುವುದನ್ನೇ ನಿಲ್ಲಿಸಿತು. ಹಾಗಾದರೆ ಗುರಿಯ ಜೀನ್ ಬದಲಿಸಿಯೂ ಪ್ರಯೋಜನವಿಲ್ಲ. ಆದ್ದರಿಂದ ದುಂಬಿಯ ಒಂದು ಪೀಳಿಗೆಗೆ ಇದನ್ನು ಬಳಸಿದರೆ, ಮುಂದಿನ ಪೀಳಿಗೆಗೆ ಸ್ಪಿನೋಸಾಡ್‌ನಂಥ ಬೇರೆ ಗುಂಪಿನ ಔಷಧಕ್ಕೆ ಹೋಗಿ.