ಮೋಡೆಮ್ ಬಾಕ್ಸ್ ಜೊತೆಗೆ ಮೆಶ್ ವೈಫೈ: ಮೂರು ಜೋಡಣೆಯಲ್ಲಿ ನಮ್ಮ ಮನೆಗೆ ಒಗ್ಗಿದ್ದು ಯಾವುದು?

ಫೈಬರ್ ಕನೆಕ್ಷನ್ ಕೊಡುವಾಗ ಕಂಪನಿಯವರು ಗೋಡೆಗೆ ಹೊಡೆದು ಹೋಗುವ ಬಾಕ್ಸ್ ಒಂದೇ, ಅದು ಮಾಡುವ ಕೆಲಸ ಮೂರು. ಫೈಬರಿನಲ್ಲಿ ಬೆಳಕಾಗಿ ಬರುವ ಸಿಗ್ನಲ್ ಅನ್ನು ನಮ್ಮ ಸಾಧನಗಳಿಗೆ ಬೇಕಾದ ರೂಪಕ್ಕೆ ತರುತ್ತದೆ. ಇದು ಮೋಡೆಮ್ ಕೆಲಸ, ಫೈಬರಿನವರ ಬಾಯಲ್ಲಿ ಓಎನ್‌ಟಿ. ಆಮೇಲೆ ಮನೆಯ ಫೋನು, ಟಿವಿ, ಲ್ಯಾಪ್‌ಟಾಪಿಗೆ ಒಂದೊಂದು ಐಪಿ ವಿಳಾಸ ಹಂಚಿ, ಎಲ್ಲರನ್ನೂ ಒಂದೇ ವಿಳಾಸದ ಮೇಲೆ ಹೊರಗೆ ಕಳಿಸುತ್ತದೆ (ಹೀಗೆ ಕಳಿಸುವುದಕ್ಕೆ ನ್ಯಾಟ್ ಅನ್ನುತ್ತಾರೆ). ಇದು ರೌಟರ್ ಕೆಲಸ. ಕೊನೆಗೆ ವೈಫೈ ಬಿಡುವುದು. ಅಂಗಡಿಯಿಂದ ತಂದ ಮೆಶ್ ಸೆಟ್ಟಿಗೆ, ಅಂದರೆ ಮನೆಯ ಬೇರೆ ಬೇರೆ ಕಡೆ ಇಟ್ಟರೂ ಒಂದೇ ವೈಫೈ ಆಗಿ ನಡೆಯುವ ಯೂನಿಟ್ಟುಗಳಿಗೆ, ರೌಟರ್ ಕೆಲಸವೂ ಬರುತ್ತದೆ, ವೈಫೈ ಕೆಲಸವೂ ಬರುತ್ತದೆ. ಫೈಬರ್ ಕೆಲಸ ಮಾತ್ರ ಬರುವುದಿಲ್ಲ. ಹಾಗಾಗಿ ಹಳೇ ಬಾಕ್ಸ್ ಬಿಚ್ಚಿ ಅಟ್ಟಕ್ಕೆ ಹಾಕುವ ಹಾಗಿಲ್ಲ. ಎರಡನ್ನೂ ಇಟ್ಟುಕೊಂಡು ಯಾರಿಗೆ ಯಾವ ಕೆಲಸ ಅಂತ ನಾವೇ ತೀರ್ಮಾನ ಮಾಡಬೇಕು.

ನಮ್ಮ ಮನೆ ತುಮಕೂರಿನ ಕ್ಯಾತ್ಸಂದ್ರದ ಕಡೆ. ಕೆಳಗಿನದು ಹಳೇ ಕಟ್ಟಡ, ಸೈಜುಗಲ್ಲಿನ ಗೋಡೆ. ಮಹಡಿ ಆಮೇಲೆ ಕಟ್ಟಿಸಿದ್ದು, ನಡುವೆ ಆರ್‌ಸಿಸಿ ಮೋಲ್ಡು. ಫೈಬರ್ ಬೀದಿ ಕಂಬದಿಂದ ಇಳಿದು ಮುಂದಿನ ಹಾಲಿನಲ್ಲಿ ನಿಂತಿದೆ. ಬೆಂಗಳೂರಿನ ಆಫೀಸ್ ಕೆಲಸ ನಡೆಯಬೇಕಾದ್ದು ಮಹಡಿಯ ಹಿಂದಿನ ರೂಮಿನಲ್ಲಿ. ಅಷ್ಟು ದಪ್ಪ ಕಲ್ಲು, ಮೇಲೆ ಕಂಬಿ ತುಂಬಿದ ಕಾಂಕ್ರೀಟು. ವೈಫೈ ಅಲ್ಲಿಗೆ ತಲುಪುವ ಹೊತ್ತಿಗೆ ಸುಸ್ತಾಗಿರುತ್ತದೆ, ಅದರಲ್ಲೂ 5 ಗಿಗಾಹರ್ಟ್ಸ್ ಬ್ಯಾಂಡು 2.4ಕ್ಕಿಂತ ಬೇಗ ಕೈ ಚೆಲ್ಲುತ್ತದೆ. ಅದಕ್ಕೇ ಎರಡು ಯೂನಿಟ್ಟಿನ ವೈಫೈ 6 ಮೆಶ್ ತಂದೆವು. ಒಂದು ಹಾಲಿಗೆ, ಒಂದು ಮಹಡಿಗೆ.

ಮೂರು ಜೋಡಣೆಯನ್ನೂ ಇದೇ ಮನೆಯಲ್ಲಿ ನಡೆಸಿ ನೋಡಿದ್ದೇನೆ. ಸ್ಪೀಡ್ ಟೆಸ್ಟಿನ ನಂಬರು ಮೂರರಲ್ಲೂ ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸ ಕಂಡಿದ್ದು ಪ್ರಿಂಟರಿನಲ್ಲಿ, ಟಿವಿಯಲ್ಲಿ, ಮತ್ತೆ ನೆಟ್ ಕೆಟ್ಟಾಗ ಮನೆಯಲ್ಲಿದ್ದವರು ಏನು ಮಾಡಬಲ್ಲರು ಅನ್ನುವುದರಲ್ಲಿ.

ಡಬಲ್ ನ್ಯಾಟ್

ಬಾಕ್ಸಿನ ಲ್ಯಾನ್ ಪೋರ್ಟಿನಿಂದ ಮೆಶ್ ಯೂನಿಟ್ಟಿಗೆ ಕೇಬಲ್ ಚುಚ್ಚಿ, ಆ್ಯಪ್ ಹೇಳಿದ್ದಕ್ಕೆಲ್ಲ ಸರಿ ಅನ್ನುತ್ತಾ ಹೋದರೆ ಬಂದು ನಿಲ್ಲುವುದು ಇಲ್ಲಿಗೇ. ನೆಟ್ ಬರುತ್ತದೆ, ಯೂಟ್ಯೂಬ್ ಓಡುತ್ತದೆ. ಆದರೆ ಮನೆಯಲ್ಲಿ ಈಗ ಎರಡು ರೌಟರ್, ಅಂದರೆ ಎರಡು ಸಲ ನ್ಯಾಟ್. ನಮ್ಮ ಬಾಕ್ಸ್ 192.168.1 ಅಂತ ಶುರುವಾಗುವ ವಿಳಾಸ ಹಂಚುತ್ತದೆ. ಟಿಪಿ-ಲಿಂಕ್ ಡೆಕೊ ಥರದ ಮೆಶ್ 192.168.68 ಅಂತ ತನ್ನದೇ ಬೇರೆ ಸಾಲು ತೆರೆಯುತ್ತದೆ.

ತೊಂದರೆ ಗೊತ್ತಾಗುವುದು ಪ್ರಿಂಟ್ ಕೊಡುವಾಗ. ಪ್ರಿಂಟರ್ ಹಳೇ ಬಾಕ್ಸಿನ ವೈಫೈಗೆ, ಫೋನು ಮೆಶ್‌ಗೆ ಅಂಟಿಕೊಂಡಿದ್ದರೆ ಒಂದಕ್ಕೊಂದು ಕಾಣುವುದೇ ಇಲ್ಲ. ಟಿವಿಗೆ ಕಾಸ್ಟ್ ಮಾಡುವ ಗುರುತೂ ಹಾಗೇ ಮಾಯ. ಈ ಸಾಧನಗಳು ಪರಸ್ಪರ ಹುಡುಕಲು ತಮ್ಮ ನೆಟ್‌ವರ್ಕಿನೊಳಗೆ ಕೂಗು ಹಾಕುತ್ತವೆ, ಆ ಕೂಗನ್ನು ರೌಟರ್ ಆಚೆಗೆ ದಾಟಿಸುವುದಿಲ್ಲ. ಎಲ್ಲವನ್ನೂ ಮೆಶ್ ಕಡೆಗೇ ಸೇರಿಸಿ, ಬಾಕ್ಸಿನ ವೈಫೈ ಆಫ್ ಮಾಡಿದರೆ ಈ ಕಾಟ ತಪ್ಪುತ್ತದೆ. ಕೆಲವು ಆನ್‌ಲೈನ್ ಗೇಮುಗಳು ಗೊಣಗಬಹುದು ಅಷ್ಟೆ. ಡಬಲ್ ನ್ಯಾಟ್ ಅಂದರೆ ಮಹಾಪಾಪ ಅನ್ನುವ ಹಾಗೆ ಮಾತಾಡುವವರು ಜಾಸ್ತಿ. ಬರೀ ವಿಡಿಯೊ ನೋಡಿ, ವಾಟ್ಸಾಪ್ ಮಾಡುವ ಮನೆಗೆ ಅದರಿಂದ ಏನೂ ಆಗುವುದಿಲ್ಲ.

ಬ್ರಿಡ್ಜ್ ಮೋಡ್

ಇದರಲ್ಲಿ ಬಾಕ್ಸ್ ಬರೀ ಮೋಡೆಮ್ ಆಗಿ ಉಳಿಯುತ್ತದೆ. ನೆಟ್ಟಿಗೆ ಲಾಗಿನ್ ಆಗುವುದು, ವಿಳಾಸ ಹಂಚುವುದು, ವೈಫೈ ಎಲ್ಲ ಮೆಶ್ ಪಾಲಿಗೆ. ತಿಳಿದವರೆಲ್ಲ ಇದೇ ಸರಿಯಾದ ದಾರಿ ಅನ್ನುತ್ತಾರೆ. ಕಾಗದದ ಮೇಲೆ ಅದು ನಿಜವೂ ಹೌದು.

ಆದರೆ ಬಾಕ್ಸಿನ ಪೂರ್ತಿ ಸೆಟ್ಟಿಂಗು ನಮ್ಮ ಕೈಗೆ ಸಿಗುವುದು ಅಪರೂಪ. ಕಂಪನಿಯವರೇ ಮಾಡಿಕೊಡಬೇಕು. ನಮ್ಮ ಕನೆಕ್ಷನ್ ಪಿಪಿಪಿಒಇ ಬಗೆಯದು, ಅಂದರೆ ಯೂಸರ್‌ನೇಮ್, ಪಾಸ್‌ವರ್ಡ್ ಬೇಕು. ಜೊತೆಗೆ ವಿಲ್ಯಾನ್ ನಂಬರು, ಅಂದರೆ ಒಂದೇ ಲೈನಿನಲ್ಲಿ ನೆಟ್ಟನ್ನು ಬೇರೆಯಾಗಿ ಗುರುತಿಸಲು ಕಂಪನಿ ಇಟ್ಟ ನಂಬರು. ಮನೆಗೆ ಬಂದ ಹುಡುಗನಿಗೆ ಬ್ರಿಡ್ಜ್ ಅಂದರೆ ಏನಂತ ಗೊತ್ತಿರಲಿಲ್ಲ, ಪಾಪ. ಕಸ್ಟಮರ್ ಕೇರಿನವರು ಪ್ರತಿ ಸಲ ಮೊದಲಿನಿಂದ ಕಥೆ ಕೇಳಿದರು. ಕೊನೆಗೆ ಅವರ ಆಫೀಸಿನ ಒಬ್ಬರು ಅಲ್ಲಿಂದಲೇ ಬದಲಿಸಿಕೊಟ್ಟರು.

ಆದ ಮೇಲೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಯಾವ ಫೋನು ಎಷ್ಟು ಡೇಟಾ ಎಳೆಯುತ್ತಿದೆ, ಮಕ್ಕಳ ಟ್ಯಾಬ್ ಎಷ್ಟು ಹೊತ್ತಿಗೆ ನಿಲ್ಲಬೇಕು, ಎಲ್ಲ ಒಂದೇ ಆ್ಯಪಿನಲ್ಲಿ. ಆದರೆ ನನಗೆ ಇದರಿಂದ ಮುಖ್ಯವಾಗಿ ಬೇಕಿದ್ದದ್ದು ಬೇರೆ. ಗೇಟಿನ ಸಿಸಿಟಿವಿಯನ್ನು ಬೆಂಗಳೂರಿನಿಂದ ನೇರವಾಗಿ ತೆರೆಯಬೇಕಿತ್ತು. ಮೆಶ್ ಆ್ಯಪಿನಲ್ಲಿ ಇಂಟರ್ನೆಟ್ ವಿಳಾಸ ನೋಡಿದರೆ 100ರಿಂದ ಶುರುವಾಗುತ್ತಿತ್ತು. 100.64ರಿಂದ 100.127ರವರೆಗಿನ ವಿಳಾಸಗಳನ್ನು ಕಂಪನಿಗಳು ತಮ್ಮ ಒಳಗಿನ ನ್ಯಾಟ್‌ಗೆ ಬಳಸಲಿ ಅಂತ 2012ರಲ್ಲಿ ತೆಗೆದಿಟ್ಟಿದ್ದಾರೆ. ಐಪಿವಿ4 ಅನ್ನುವ ಹಳೇ ಬಗೆಯ ಇಂಟರ್ನೆಟ್ ವಿಳಾಸಗಳಿಗೆ ಬರ ಬಂದಿದ್ದರಿಂದ ಒಂದೇ ಹೊರ ವಿಳಾಸವನ್ನು ಎಷ್ಟೋ ಮನೆಗಳು ಹಂಚಿಕೊಳ್ಳುತ್ತವೆ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ಅಂದರೆ ಮನೆಯ ಒಂದು ನ್ಯಾಟ್ ತೆಗೆದರೂ ಕಂಪನಿಯ ನ್ಯಾಟ್ ಅಲ್ಲೇ ಕೂತಿರುತ್ತದೆ, ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬಂದ ಕರೆಯನ್ನು ಮನೆಯ ಒಂದು ಸಾಧನಕ್ಕೆ ಕಳಿಸುವ ಸೆಟ್ಟಿಂಗು) ಹಾಕಿದರೂ ಹೊರಗಿನಿಂದ ಬಾಗಿಲು ತೆರೆಯುವುದಿಲ್ಲ. ಕ್ಯಾಮೆರಾ ಕಂಪನಿಯ ಆ್ಯಪು ತನ್ನ ಸರ್ವರ್ ಮೂಲಕ ತೋರಿಸುತ್ತದಲ್ಲ, ಅದಕ್ಕೆ ಬ್ರಿಡ್ಜ್ ಬೇಕಾಗಿಯೇ ಇಲ್ಲ.

ಬ್ರಿಡ್ಜ್ ಮೇಲಿನ ಆಸೆ ಪೂರ್ತಿ ಹೋಗಿದ್ದು ಆಮೇಲೆ. ಒಂದು ದಿನ ನೆಟ್ ನಿಂತಿತು. ನಾನು ಊರಲ್ಲಿರಲಿಲ್ಲ. ಅಮ್ಮ ಫೋನ್ ಮಾಡಿ ದೂರು ಕೊಟ್ಟರು. ರಿಪೇರಿಗೆ ಬಂದವರು ತಮ್ಮ ಅಭ್ಯಾಸದಂತೆ ಬಾಕ್ಸ್ ರಿಸೆಟ್ ಮಾಡಿ, ಮತ್ತೆ ರೌಟರ್ ಮೋಡಿಗೆ ಸೆಟ್ ಮಾಡಿ, ತಮ್ಮ ಫೋನಿನಲ್ಲಿ ನೆಟ್ ನೋಡಿಕೊಂಡು ಹೊರಟುಹೋದರು. ಮೆಶ್ ಮಾತ್ರ ಲಾಗಿನ್ ಆಗಲು ಒದ್ದಾಡುತ್ತಾ ಕೆಂಪು ದೀಪ ತೋರಿಸುತ್ತಿತ್ತು. ಅವರ ಪ್ರಕಾರ ಕೆಲಸ ಮುಗಿದಿತ್ತು, ಮನೆಯವರ ಪ್ರಕಾರ ನೆಟ್ ಇರಲಿಲ್ಲ.

ಆ್ಯಕ್ಸೆಸ್ ಪಾಯಿಂಟ್ ಮೋಡ್

ಈಗ ಮನೆಯಲ್ಲಿ ಓಡುತ್ತಿರುವುದು ಇದು. ಬಾಕ್ಸ್ ಮೋಡೆಮ್ಮೂ ಹೌದು, ರೌಟರ್ರೂ ಹೌದು. ಮೆಶ್ ವೈಫೈ ಒಂದನ್ನೇ ನೋಡಿಕೊಳ್ಳುತ್ತದೆ. ಮೆಶ್ ಆ್ಯಪಿನಲ್ಲಿ ಒಂದು ಆಯ್ಕೆ ಬದಲಿಸಿದರೆ ಸಾಕು, ಯಾರಿಗೂ ಫೋನ್ ಮಾಡಬೇಕಿಲ್ಲ. ಪ್ರಿಂಟರ್, ಟಿವಿ, ಫೋನು ಎಲ್ಲ ಒಂದೇ ಸಾಲಿನಲ್ಲಿ. ರಿಪೇರಿಯವರು ಬಾಕ್ಸ್ ರಿಸೆಟ್ ಮಾಡಿದರೂ ಅವರ ನೆಟ್ ಬಂದ ಕೂಡಲೇ ನಮ್ಮದೂ ಬರುತ್ತದೆ. ಮೆಶ್ಶೇ ಕೈಕೊಟ್ಟರೆ ಬಾಕ್ಸಿನ ವೈಫೈ ಆನ್ ಮಾಡಿಕೊಂಡು ಕೆಳಗಾದರೂ ಕೆಲಸ ನಡೆಸಬಹುದು. ಬ್ರಿಡ್ಜಿನಲ್ಲಿ ಹಾಲಿನ ಯೂನಿಟ್ ಹೋದರೆ ಇಡೀ ಮನೆ ಕತ್ತಲೆ.

ಕಳೆದುಕೊಂಡಿದ್ದೂ ಇದೆ. ಬಹಳಷ್ಟು ಮೆಶ್‌ಗಳಲ್ಲಿ ಈ ಮೋಡಿಗೆ ಬಂದ ತಕ್ಷಣ ಮಕ್ಕಳ ನಿಯಂತ್ರಣ, ಯಾವ ಸಾಧನಕ್ಕೆ ಮೊದಲ ಮಣೆ ಅನ್ನುವ ಸೌಲಭ್ಯ ಎಲ್ಲ ನಿಂತುಹೋಗುತ್ತವೆ. ಬಾಕ್ಸಿನಲ್ಲಿರುವ ನಿಯಂತ್ರಣ ಒರಟು. ಕೊಳ್ಳುವ ಮುಂಚೆ ಇನ್ನೊಂದು ನೋಡಿಕೊಳ್ಳಿ: ಗೂಗಲ್ ನೆಸ್ಟ್ ವೈಫೈ ಥರದವು ರೌಟರ್ ಕೆಲಸ ಬಿಟ್ಟುಕೊಟ್ಟರೆ ಒಂದೇ ಯೂನಿಟ್ಟಿನಲ್ಲಿ ನಡೆಯುತ್ತವೆ, ಎರಡು ಮೂರು ಸೇರಿ ಮೆಶ್ ಆಗುವುದಿಲ್ಲ.

ಬಾಕ್ಸಿನ ವೈಫೈ ಆಫ್ ಮಾಡುವುದನ್ನು ಮರೆಯಬೇಡಿ. 2.4 ಗಿಗಾಹರ್ಟ್ಸಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಅಂದರೆ 1, 6, 11, ಅಷ್ಟೇ. ಅಕ್ಕಪಕ್ಕದ ಮನೆಯವರದ್ದೇ ಸಾಕಷ್ಟಿರುವಾಗ ನಮ್ಮದೇ ಇನ್ನೊಂದು ಯಾಕೆ? ಹಳೇ ವೈಫೈ ಹೆಸರು, ಪಾಸ್‌ವರ್ಡನ್ನೇ ಮೆಶ್‌ಗೆ ಕೊಟ್ಟರೆ ಮನೆಯ ಸಾಧನಗಳನ್ನು ಒಂದೊಂದಾಗಿ ಸೇರಿಸುವ ಗೋಳೂ ಇರುವುದಿಲ್ಲ.

ಸ್ಪೀಡು ಬದಲಾಗಿದ್ದು ಕೇಬಲಿನಿಂದ

ಮೋಡ್ ಯಾವುದೇ ಇರಲಿ, ಎರಡು ಯೂನಿಟ್ ಗಾಳಿಯಲ್ಲೇ ಮಾತಾಡುವಾಗ ಮಹಡಿಯಲ್ಲಿ ಸ್ಪೀಡು ಅರ್ಧಕ್ಕೂ ಕಡಿಮೆ. ಎರಡು ಬ್ಯಾಂಡಿನ ಮೆಶ್‌ನಲ್ಲಿ ಅದೇ ರೇಡಿಯೊ ಫೋನಿನ ಜೊತೆಗೂ ಮಾತಾಡಬೇಕು, ಕೆಳಗಿನ ಯೂನಿಟ್ ಜೊತೆಗೂ ಮಾತಾಡಬೇಕು. ನಡುವೆ ಮೋಲ್ಡು ಬೇರೆ. ಹಾಲಿನ ಕಿಟಕಿಯಿಂದ ಹೊರಗೋಡೆಯ ಮೇಲೆ ಕ್ಯಾಟ್ 6 ಕೇಬಲ್ ಎಳೆಸಿದೆವು. ಅಂಥ ಕೇಬಲ್ 100 ಮೀಟರ್‌ವರೆಗೂ ಗಿಗಾಬಿಟ್ ಸ್ಪೀಡು ಕೊಡುತ್ತದೆ, ಮನೆಗೆ ಅದು ಧಾರಾಳ. ಈಗ ಮಹಡಿಯಲ್ಲೂ ಪ್ಲಾನಿನ ಸ್ಪೀಡು ಸುಮಾರಾಗಿ ಪೂರ್ತಿ ಸಿಗುತ್ತದೆ, ವಿಡಿಯೊ ಕಾಲ್ ನಡುವೆ ಮುಖ ಹೆಪ್ಪುಗಟ್ಟುವುದು ನಿಂತಿದೆ. ದುಬಾರಿ ಮೆಶ್‌ಗೆ ಇಡುವ ದುಡ್ಡಿನಲ್ಲಿ ಸ್ವಲ್ಪ ಎತ್ತಿ ಕೇಬಲಿಗೆ ಇಡಿ ಅನ್ನುವುದೇ ನನ್ನ ಮಾತು. ಹೊರಗೆ ಎಳೆಯುವುದಾದರೆ ಪಿವಿಸಿ ಪೈಪಿನೊಳಗೆ ಇರಲಿ. ನಮ್ಮ ಕಡೆ ಕೋತಿಗಳ ಕಾಟ ಗೊತ್ತಲ್ವಾ? ಕೈಗೆ ಸಿಕ್ಕ ವೈರು ಉಳಿಯುವುದಿಲ್ಲ. ಕರೆಂಟಿನ ವೈರು ಹೋಗುವ ಪೈಪಿನಲ್ಲಿ ಮಾತ್ರ ಇದನ್ನು ತೂರಿಸಬೇಡಿ.

ಬೆಸ್ಕಾಂ ಕರೆಂಟು ಹೋದಾಗಿನ ಲೆಕ್ಕವನ್ನೂ ಸೇರಿಸಿಕೊಳ್ಳಿ. ಬಾಕ್ಸಿಗೆ 12 ವೋಲ್ಟಿನ ಮಿನಿ ಯುಪಿಎಸ್ ಸಾಕು. ಆದರೆ ಮೆಶ್‌ನ ಪ್ರತಿ ಯೂನಿಟ್ಟಿಗೂ ಕರೆಂಟು ಬೇಕು, ಇನ್ವರ್ಟರ್ ಲೈನು ಸಾಮಾನ್ಯವಾಗಿ ಲೈಟು, ಫ್ಯಾನಿಗಷ್ಟೇ ಇರುತ್ತದೆ. ಮಹಡಿಯ ಯೂನಿಟ್ ಇಡುವ ಜಾಗದ ಪಾಯಿಂಟು ಇನ್ವರ್ಟರಿನ ಮೇಲೆ ಇದೆಯಾ ಅಂತ ಎಲೆಕ್ಟ್ರೀಷಿಯನ್ ಹತ್ತಿರ ಮೊದಲೇ ನೋಡಿಸಿ.

ದುಡ್ಡು ಕೊಟ್ಟು ಸ್ಟಾಟಿಕ್ ಐಪಿ (ಬದಲಾಗದ ವಿಳಾಸ) ತೆಗೆದುಕೊಂಡವರು, ಮನೆಯಲ್ಲೇ ಸರ್ವರ್ ಇಟ್ಟವರು, ಮಕ್ಕಳ ನೆಟ್ ಮೇಲೆ ಗಟ್ಟಿ ಹಿಡಿತ ಬೇಕಾದವರು ಬ್ರಿಡ್ಜನ್ನೇ ಆರಿಸಿಕೊಳ್ಳಲಿ, ಅವರಿಗೆ ಅದೇ ಸರಿ. ಬದಲಿಸುವ ಮುಂಚೆ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ನಂಬರು ಬರೆಸಿಕೊಳ್ಳಿ. ಬಾಕ್ಸಿನ ಹಿಂದೆ ಲ್ಯಾಂಡ್‌ಲೈನ್ ಫೋನು ಚುಚ್ಚಿದ್ದರೆ, ಬ್ರಿಡ್ಜ್ ಆದ ಮೇಲೂ ಅದು ನಡೆಯುತ್ತದಾ ಅಂತ ಕಂಪನಿಯವರನ್ನು ಕೇಳಿಯೇ ಮುಂದುವರಿಯಿರಿ.