ಒಂದು ಕಿವಿಗೆ ನಾಲ್ಕು ವರ್ಷ, ಎರಡೂ ಕಿವಿಗೆ ಮೂರು ವರ್ಷ: ಶ್ರವಣ ಸಾಧನದ ಬಳಕೆಯ ಅನುಭವ

ನನ್ನ ಎರಡೂ ಕಿವಿಗಳಲ್ಲಿ ಮಧ್ಯಮ ಪ್ರಮಾಣದ ಶ್ರವಣದೋಷವಿದೆ. ಶ್ರವಣ ಪರೀಕ್ಷೆಯ ನಕ್ಷೆಯಾದ ಆಡಿಯೋಗ್ರಾಮ್‌ನಲ್ಲಿ ಎರಡು ಗೆರೆಗಳೂ ಹೆಚ್ಚುಕಡಿಮೆ ಜೊತೆಯಲ್ಲೇ ಇಳಿಯುತ್ತವೆ. ಹಾಗಿದ್ದರೂ ಮೊದಲ ನಾಲ್ಕು ವರ್ಷ ಬಲಗಿವಿಗೆ ಮಾತ್ರ ಸಾಧನ ಹಾಕಿಕೊಂಡಿದ್ದೆ. ಅದನ್ನು ಕೊಟ್ಟವರು ಸದ್ಯಕ್ಕೆ ಒಂದು ಸಾಕು ಎಂದಿದ್ದರು, ಖರ್ಚು ಅರ್ಧಕ್ಕಿಳಿಯಿತೆಂದು ನಾನೂ ಒಪ್ಪಿಕೊಂಡಿದ್ದೆ. ಈಗ ಮೂರು ವರ್ಷಗಳಿಂದ ಎರಡೂ ಕಿವಿಗಳಿಗೆ ಒಂದೇ ಮಾದರಿಯ, ಕಿವಿಯ ಹಿಂದೆ ಕೂರುವ ಸಾಧನಗಳಿವೆ.

ನಿಶ್ಶಬ್ದವಾದ ಕೋಣೆಯಲ್ಲಿ ಒಬ್ಬರ ಎದುರು ಕುಳಿತು ಮಾತನಾಡುವಾಗ ಒಂದು ಸಾಧನದಿಂದ ಯಾವ ಕೊರತೆಯೂ ಕಾಣುತ್ತಿರಲಿಲ್ಲ. ಕೊರತೆಯಿದ್ದದ್ದು ದಿಕ್ಕಿನಲ್ಲಿ. ಮೊಮ್ಮಗಳು ಒಳಗಿನಿಂದ "ಅಜ್ಜಾ" ಎಂದು ಕೂಗಿದರೆ ಕೂಗು ಸ್ಪಷ್ಟವಾಗಿಯೇ ಕೇಳಿಸುತ್ತಿತ್ತು, ಆದರೆ ಎಲ್ಲ ಸದ್ದೂ ಬಲಗಡೆಯಿಂದಲೇ ಬಂದಂತಾಗಿ ನಾನು ಬಲಬದಿಯ ಕೋಣೆಗೆ ಹೋಗುತ್ತಿದ್ದೆ. ಅವಳು ಎಡಬದಿಯ ಕೋಣೆಯ ಬಾಗಿಲಲ್ಲಿ ನಿಂತು ಮತ್ತೊಮ್ಮೆ ಕೂಗುತ್ತಿದ್ದಳು. ಒಂದು ಬದಿಯಿಂದ ಬಂದ ಸದ್ದು ಆಚೆಯ ಕಿವಿಯನ್ನು ಹೆಚ್ಚೆಂದರೆ ಸುಮಾರು 0.6ರಿಂದ 0.7 ಮಿಲಿಸೆಕೆಂಡು ತಡವಾಗಿ ಮುಟ್ಟುತ್ತದೆ, ತಲೆ ಅಡ್ಡವಿರುವುದರಿಂದ ಸ್ವಲ್ಪ ತಗ್ಗಿಯೂ ಮುಟ್ಟುತ್ತದೆ. ದಿಕ್ಕನ್ನು ಮಿದುಳು ಲೆಕ್ಕ ಹಾಕುವುದು ಮುಖ್ಯವಾಗಿ ಈ ಎರಡು ವ್ಯತ್ಯಾಸಗಳಿಂದ, ಅದಕ್ಕೆ ಎರಡು ಕಿವಿಗಳ ವರದಿಯೂ ಬೇಕು.

ತಲೆಯ ಈ ಅಡ್ಡಿ ಹೆಚ್ಚು ಕಾಡುವುದು ಎತ್ತರದ ಕಂಪನಾಂಕದ ಸದ್ದುಗಳನ್ನು. ಸ, ಶ ಮುಂತಾದ ವ್ಯಂಜನಗಳ ಗುರುತು ಇರುವುದೇ ಅಲ್ಲಿ. ನನ್ನ ಎಡಕ್ಕೆ ಕುಳಿತವರು "ಸಾಕು" ಎಂದದ್ದು ಎಷ್ಟೋ ಸಲ "ಹಾಕು" ಎಂದು ಕೇಳಿಸಿದೆ. ನಾಲ್ಕಾರು ಜನ ಸೇರಿದಲ್ಲಿ ನಾನು ಮೊದಲೇ ಹೋಗಿ ಎಡಗಡೆ ಗೋಡೆಯಿರುವ ಜಾಗ ಹಿಡಿಯುತ್ತಿದ್ದೆ.

ಎರಡನೆಯದನ್ನು ಹಾಕಿಕೊಂಡ ಮೊದಲ ಮೂರು ವಾರ ಸುಲಭವಾಗಿರಲಿಲ್ಲ. ಸ್ವಂತ ದನಿ ಕೊಡದೊಳಗೆ ಮಾತನಾಡಿದಂತೆ ಮೊಳಗುತ್ತಿತ್ತು. ಸಾಧನದ ತುದಿಯಲ್ಲಿ ಕಿವಿಯೊಳಗೆ ಕೂರುವ ಅಚ್ಚಾದ ಮೋಲ್ಡ್‌ನ ಗಾಳಿರಂಧ್ರವನ್ನು ಸ್ವಲ್ಪ ದೊಡ್ಡದು ಮಾಡಿಸಿದ ಮೇಲೆ ಅದು ಹತೋಟಿಗೆ ಬಂತು. ಎರಡು ಕಿವಿಗಳು ಸೇರಿದಾಗ ಅದೇ ಸದ್ದು ಹೆಚ್ಚು ಜೋರೆನಿಸುವುದರಿಂದ, ಶ್ರವಣತಜ್ಞರಾದ ಆಡಿಯಾಲಜಿಸ್ಟ್ ಎರಡರ ವರ್ಧನೆಯನ್ನೂ ಕೆಲವು ಡೆಸಿಬೆಲ್ ತಗ್ಗಿಸಿದರು. ಬಲಗಿವಿಯ ಸಾಧನದ ಹಳೆಯ ಶಿಳ್ಳೆ ಅದರಿಂದಲೇ ಕಡಿಮೆಯಾಯಿತು. ನಾನು ನಿರೀಕ್ಷಿಸದೆ ಇದ್ದ ಲಾಭವೆಂದರೆ ಸಂಜೆಯ ಆಯಾಸ ಇಳಿದದ್ದು. ದಿನವಿಡೀ ಕಿವಿಗೊಟ್ಟು ಕೇಳಿ ಕೇಳಿ ಬರುತ್ತಿದ್ದ ತಲೆಭಾರ ವಯಸ್ಸಿನದೆಂದೇ ನಾನು ತಿಳಿದಿದ್ದೆ.

ನಿರ್ವಹಣೆಯ ಕೆಲಸ ಮಾತ್ರ ಇಮ್ಮಡಿಯಾಗಿದೆ. ಕಂದು ಪಟ್ಟಿಯ 312 ಅಳತೆಯ ಬ್ಯಾಟರಿಗಳು ಎರಡೂ ಒಂದೇ ದಿನ ಮುಗಿಯುವುದಿಲ್ಲ. ಕಿವಿಯ ಗುಗ್ಗೆ ತೆಗೆಯುವುದು, ರಾತ್ರಿ ತೇವ ಹೀರುವ ಡಬ್ಬಿಯಲ್ಲಿಡುವುದು, ಕೆಂಪು ಗುರುತಿನದು ಬಲಕ್ಕೆ, ನೀಲಿಯದು ಎಡಕ್ಕೆ ಎಂದು ನೋಡಿ ಹಾಕಿಕೊಳ್ಳುವುದು, ಇವೆಲ್ಲ ಅಭ್ಯಾಸವಾಗಬೇಕು. ಬೀಸುಗಾಳಿಯಲ್ಲಿ ಈಗ ಎರಡೂ ಕಡೆ ಭೋರ್ಗರೆತ.

ಎರಡು ಸಾಧನ ಎಲ್ಲರಿಗೂ ಹೊಂದುತ್ತದೆ ಎಂದು ನಾನು ಹೇಳಲಾರೆ. ಒಂದು ಕಿವಿ ಸಹಜವಾಗಿಯೇ ಕೇಳಿಸುತ್ತಿದ್ದರೆ, ಅಥವಾ ಒಂದು ಕಿವಿಯಲ್ಲಿ ಬಳಸಬಹುದಾದ ಶ್ರವಣವೇ ಉಳಿದಿಲ್ಲದಿದ್ದರೆ ಲೆಕ್ಕ ಬೇರೆ. ಕೆಲವು ಹಿರಿಯರಿಗೆ ಎರಡು ಕಿವಿಗಳ ಮಾತು ಒಂದರೊಳಗೊಂದು ಕಲೆತು ಗೊಂದಲವಾಗುವುದೂ ಉಂಟು. ಆದ್ದರಿಂದ ಪ್ರಯೋಗದ ಅವಧಿಯಲ್ಲಿ ಗದ್ದಲವಿರುವ ಕಡೆಗೇ ಹೋಗಿ, ಒಂದನ್ನು ತೆಗೆದು, ಮತ್ತೆ ಹಾಕಿ, ಹೋಲಿಸಿ ನೋಡಿರಿ. ಪರೀಕ್ಷಾ ಕೋಣೆಯ ಮೌನದಲ್ಲಿ ಈ ತೀರ್ಮಾನ ಮಾಡಬೇಡಿರಿ.

ಎರಡೂ ಕಿವಿ ಸಮನಾಗಿ ಮಂದವಾಗಿರುವವರು ತಡಮಾಡಬಾರದೆನ್ನಲು ನನಗೊಂದು ಕಾರಣವಿದೆ. ಸಾಧನವಿಲ್ಲದೆ ಬಿಟ್ಟ ಕಿವಿಯಲ್ಲಿ ಮಾತನ್ನು ಗುರುತಿಸುವ ಶಕ್ತಿ ಕಾಲಕ್ರಮದಲ್ಲಿ ಕುಂದಬಹುದೆಂದು ಸಿಲ್ಮನ್, ಗೆಲ್‌ಫಂಡ್ ಮತ್ತು ಸಿಲ್ವರ್‌ಮನ್ ಎಂಬ ಸಂಶೋಧಕರು 1984ರಲ್ಲೇ ವರದಿ ಮಾಡಿದ್ದರು. ನನಗೆ ಅದನ್ನು ಯಾರೂ ಹೇಳಲಿಲ್ಲ. ಮೊದಲ ಪರೀಕ್ಷೆಯಲ್ಲಿ 25 ಪದಗಳಲ್ಲಿ ಎರಡೂ ಕಿವಿ 22ನ್ನು ಸರಿಯಾಗಿ ಗುರುತಿಸಿದ್ದವು. ನಾಲ್ಕು ವರ್ಷಗಳ ಬಳಿಕ ಬಲಗಿವಿ 22ರಲ್ಲೇ ನಿಂತಿತ್ತು, ಎಡಗಿವಿ 17ಕ್ಕೆ ಇಳಿದಿತ್ತು. ಮೂರು ವರ್ಷ ಸಾಧನ ಹಾಕಿದ ಮೇಲೆ, ಕಳೆದ ತಿಂಗಳ ಪರೀಕ್ಷೆಯಲ್ಲಿ, ಎಡಗಿವಿಯ ಎಣಿಕೆ 20ಕ್ಕೆ ಬಂದಿದೆ.